ಟೈಗರ್ಸ್ ಗೆಲ್ಲಲೇಬೇಕಿದ್ದ ಪಂದ್ಯ

ಕ್ಲಾಂಗ್ ಟೈಗರ್ಸ್ ಎಂದು ಹೆಸರಿಟ್ಟುಕೊಂಡರೆ ಸಾಕೇ? ಹುಲಿ ಒಂದು ಇಲಿಯನ್ನಾದರೂ ಹಿಡಿಯಬೇಡವೇ? ೧೯೯೮ರ ಏಪ್ರಿಲ್ ಮುಗಿಯುತ್ತ ಬಂದರೂ ಆ ತಂಡ ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಆಡುತ್ತಿದ್ದುದು ಅಮೆರಿಕನ್ ಫುಟ್‌ಬಾಲ್. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬು ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ದಬದಬ ಬೀಳುವ ಆಟ. ಮಲೇಷ್ಯಾದ ಸೆಕೆಯಲ್ಲಿ ಬರಿಮೈಯಲ್ಲಿ ಕೂತರೇ ಬೆವರು ಕಿತ್ತು ಬರುತ್ತದೆ, ಇನ್ನು ಇವರ ಗತಿ ಕೇಳಬೇಕೇ!

ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆ ಕಂಪನಿ ನಡೆಸುತ್ತಿದ್ದ ಉಡುಪಿಯ ಯಜ್ಞನಾರಾಯಣರು ಅಮೆರಿಕದಲ್ಲಿ ಓದುವಾಗ ಈ ಹುಚ್ಚು ಅಂಟಿಸಿಕೊಂಡು ಬಂದಿದ್ದರು. ಅವರಂಥವರೇ ಇನ್ನೂ ಮೂವರು ಸೇರಿ, ಆಟಗಾರರಿಗೆ ಸಂಬಳ ಕೊಟ್ಟು ನಾಲ್ಕು ತಂಡ ಕಟ್ಟಿದರು; ಟೈಗರ್ಸ್ ಯಜ್ಞನಾರಾಯಣರದು. ಟೈಗರ್ಸ್ ಹುಡುಗರ ಮೈಕಾಲು ಗಟ್ಟಿ ಮಾಡಲು ಕೊಡಗಿನಿಂದ ಬಂದವನು ತಿಮ್ಮಯ್ಯ. ಅವನಿಗೆ ಗೊತ್ತಿದ್ದುದು ಹಾಕಿ ಒಂದೇ. ಹುಡುಗರ ಕೈಗೆ ಹಾಕಿ ಸ್ಟಿಕ್ ಕೊಟ್ಟು ಬೆಳಿಗ್ಗೆ ಬೆಳಿಗ್ಗೆ ಓಡಿಸುತ್ತಿದ್ದ. ಚೆಂಡು ಕಾಲಿಗೆ ತಾಗಿತೋ, "ಕಾಲು!" ಎಂದು ಕಿರುಚಿ ಮೈದಾನ ಸುತ್ತಿಸುತ್ತಿದ್ದ. ಹಾಕಿಯಲ್ಲಿ ಅದು ತಪ್ಪು. ಫುಟ್‌ಬಾಲಿನ ಹುಡುಗರಿಗೆ ಆ ಶಿಕ್ಷೆ ಯಾಕೆ ಎಂದು ಯಾರೂ ಕೇಳಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಅವನ ಜೀವವೆಲ್ಲ ಕೊಡಗಿನಲ್ಲಿತ್ತು. ಅಲ್ಲಿ ಹಿಂದಿನ ವರ್ಷದಿಂದ ಕೊಡವ ಮನೆತನಗಳ ಹಾಕಿ ಹಬ್ಬ ಶುರುವಾಗಿತ್ತು. ಒಂದೊಂದು ಒಕ್ಕಕ್ಕೂ, ಎಂದರೆ ಮನೆತನಕ್ಕೂ, ಒಂದೊಂದು ತಂಡ. ಅಜ್ಜನೂ ಆಡಬೇಕು, ಮೊಮ್ಮಗನೂ ಆಡಬೇಕು, ಸೊಸೆಯೂ ಬೇಕಾದರೆ ಸ್ಟಿಕ್ ಹಿಡಿಯಬಹುದು. ಹೊರಗಿನವರನ್ನು ಮಾತ್ರ ಸೇರಿಸುವಂತಿಲ್ಲ. ತಿಮ್ಮಯ್ಯನ ಒಕ್ಕದಲ್ಲಿ ಎಣಿಸಿ ಹನ್ನೊಂದು ಜನ ಸಿಕ್ಕುವುದೇ ಕಷ್ಟ. ಬಂದೇ ಬರುತ್ತೇನೆಂದು ಹೆಂಡತಿ ದೇಚಮ್ಮನಿಗೆ ಮಾತು ಕೊಟ್ಟಿದ್ದ. ಅವಳನ್ನು ನೋಡಿ ವರ್ಷವಾಗುತ್ತ ಬಂದಿತ್ತು. ಕ್ಲಾಂಗಿಗೆ ಹತ್ತಿರದ ಪುಚೊಂಗಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಳ್ಳುವಾಗ ಅವಳ ನೆನಪಾಗಿ ಊಟವೇ ಸೇರುತ್ತಿರಲಿಲ್ಲ.

ರಜೆ ಕೇಳಿದರೆ ಯಜ್ಞನಾರಾಯಣರದು ಒಂದೇ ಪಟ್ಟು. "ಒಂದು ಮ್ಯಾಚ್ ಗೆಲ್ಲಿಸಿ ಕೊಡಿ ಮಾರಾಯ್ರೆ, ಮತ್ತೆ ಎಲ್ಲಿಗೆ ಬೇಕಾದ್ರೂ ಹೋಗಿ. ಸೋತ ತಂಡ ಬಿಟ್ಟು ಕೋಚ್ ಊರಿಗೆ ಹೋದ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಹೇಳದೆ ಹೋದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ಹೀಗೆ ಆ ಶುಕ್ರವಾರದ ಪಂದ್ಯವೇ ಕೊನೆಯ ದಾರಿಯಾಯಿತು. ಗೆದ್ದರೆ ಮಾರನೆಯ ದಿನ ವಿಮಾನ ಹತ್ತಬಹುದು, ಭಾನುವಾರ ಒಕ್ಕದ ಮೊದಲ ಆಟಕ್ಕೆ ಮುಟ್ಟಬಹುದು.

ಅಂದು ಹುಲಿಗಳಿಗೆ ಎಲ್ಲಿಂದ ರೋಷ ಬಂತೋ! ಕೊನೆಯ ನಿಮಿಷಕ್ಕೆ ನಾಲ್ಕೇ ಅಂಕ ಹಿಂದಿದ್ದರು. ಆಗ ಎದುರಾಳಿಯ ಕೈಯಿಂದ ಚೆಂಡು ಜಾರಿತು. ಪುಟಿಯುತ್ತ ಬಂದದ್ದು ಕೀರ್ತಿರಾಜನ ಕಡೆಗೆ. ಕುಂದಾಪುರದ ಹುಡುಗ, ಇಲ್ಲಿ ವೈದ್ಯಕೀಯ ಓದುತ್ತಿದ್ದ, ತಂಡದಲ್ಲೇ ಚುರುಕು ಕಾಲಿನವನು. ಬಾಚಿಕೊಂಡು ಗೆರೆ ದಾಟಿದರೆ ಆರು ಅಂಕ, ಮುಗಿಯಿತು, ಗೆಲುವು! ತಿಮ್ಮಯ್ಯ ಮೈದಾನದ ಅಂಚಿಗೆ ಓಡಿ ಬಂದ. ಚೆಂಡು ಹುಡುಗನ ಪಾದದ ಹತ್ತಿರ ಬರುತ್ತಿದ್ದಂತೆ ಅವನ ಇಷ್ಟು ವರ್ಷದ ಹಾಕಿ ಅಭ್ಯಾಸ ಸುಮ್ಮನಿರಲಿಲ್ಲ.

"ಕಾಲು!" ಎಂದು ಗಂಟಲು ಹರಿಯುವಂತೆ ಕೂಗಿಬಿಟ್ಟ.

ಕೀರ್ತಿರಾಜ ಟಣ್ಣನೆ ಪಕ್ಕಕ್ಕೆ ಹಾರಿದ. ಚೆಂಡು ಅವನನ್ನು ದಾಟಿ ಹೋಯಿತು. ಎದುರಾಳಿಗಳು ಅದರ ಮೇಲೆ ಬಿದ್ದರು. ಆಟ ಮುಗಿದ ಸೀಟಿ ಮೊಳಗಿತು.

"ಮಾಸ್ಟ್ರೆ, ನೀವೇ ಅಲ್ವಾ ಕೂಗಿದ್ದು?" ಹೆಲ್ಮೆಟ್ ಕಿತ್ತು ಬಂದ ಹುಡುಗ ಅಳುವುದೊಂದು ಬಾಕಿ.

"ಹೌದು ಮಗ. ನಿನ್ನದೇನೂ ತಪ್ಪಿಲ್ಲ," ಎಂದ ತಿಮ್ಮಯ್ಯ. ಯಜ್ಞನಾರಾಯಣರು ಅವನ ಮುಖ ನೋಡದೆ ಕಾರು ಹತ್ತಿದರು.

ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಪಕ್ಕದ ಫೋನಿನಿಂದ ಮನೆಗೆ ಕರೆ ಮಾಡಿದ. ಸೋತೆವು ಎಂದಷ್ಟೇ ಹೇಳಿದ.

"ನೀವು ಬರೋದು ಅನುಮಾನ ಅಂತ ಮೊದಲೇ ಗೊತ್ತಿತ್ತು ಬಿಡಿ," ಎಂದಳು ದೇಚಮ್ಮ. "ಒಬ್ಬರು ಕಡಿಮೆ ಬಿದ್ರೆ ಆಗಲ್ಲ ಅಂತ ದೊಡ್ಡಪ್ಪ ಹೇಳಿದ್ರು. ನಿಮ್ಮ ಜಾಗಕ್ಕೆ ನಾನೇ ನಿಲ್ತೀನಿ ಅಂದೆ."

"ನೀನಾ? ನಿನಗೆ ಸ್ಟಿಕ್ ಹಿಡಿಯೋಕೂ ಬರಲ್ವಲ್ಲೇ!"

"ಬರದಿದ್ರೆ ಏನು, ಕಲೀತೀನಿ. ನಿಮ್ಮ ಅಂಗಿ ಹಾಕ್ಕೊಂಡು ನೋಡಿದೆ, ದೊಗಳೆ ಆಗುತ್ತೆ. ಹೋದ ವರ್ಷ ನೀವು ಎಲ್ಲಿ ನಿಲ್ತಿದ್ರಿ, ಅಷ್ಟು ಹೇಳಿ ಸಾಕು."

"ಗೋಲಿನ ಮುಂದೆ. ಸ್ವಲ್ಪ ಎಡಕ್ಕೆ."

"ಎಡಕ್ಕೆ ಯಾಕೆ? ದೊಡ್ಡಪ್ಪ ನಡುವೆ ನಿಲ್ಲು ಅಂತಿದ್ರಲ್ಲ?"

ತಿಮ್ಮಯ್ಯ ಫೋನನ್ನು ಕಿವಿಗೆ ಒತ್ತಿಕೊಂಡ. ಇನ್ನು ಮುಚ್ಚಿಡುವುದೇನಿದೆ ಎನಿಸಿತು.

"ನಡುವೆಯೇ ನಿಲ್ಲಬೇಕು," ಎಂದ. "ಎಡಕ್ಕೆ ನಿಂತರೆ ನೀನು ಕೂತಿರೋದು ನೇರ ಕಾಣಿಸ್ತಿತ್ತು ಕಣೇ."