ಟ್ಯಾಂಕಿನ ಎರಡು ಕೆ.ಜಿ.

ನನ್ನ ಗಂಡ ಯೋಗಾನಂದ ಹೆಗ್ಗದ್ದೆಯ ಎಸ್ಟೇಟಿನಲ್ಲಿ ರೈಟರ್. ಇಪ್ಪತ್ತು ವರ್ಷದಿಂದ ಕಾಫಿ ತೂಗಿಸುವುದು ಅವರ ಕೆಲಸ, ಆರು ವರ್ಷದಿಂದ ರಾಕೆಟ್ ಅವರ ಹುಚ್ಚು. ಬೆಳಗೋಡಿನ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ನನಗೆ ಈ ಹುಚ್ಚಿನಲ್ಲಿ ನಂಬಿಕೆ ಅರ್ಧ, ನಗು ಅರ್ಧ.

ದೊಡ್ಡ ರಾಕೆಟ್ಟುಗಳು ಇಂಧನ ಮುಗಿದ ಭಾಗವನ್ನು ದಾರಿಯಲ್ಲೇ ಕಳಚಿ ಬಿಸಾಡಿ ಹಗುರಾಗುತ್ತವೆ. ಇವರದು ಹಾಗಲ್ಲ. ನೂರೇ ಕೆ.ಜಿ., ಒಂದೇ ಎಂಜಿನ್, ಕಡಿಮೆ ಖರ್ಚು. ಏನನ್ನೂ ಉದುರಿಸದೆ ಮೇಲೇರಿ ಭೂಮಿ ಸುತ್ತಬೇಕು. ಒಳಗೊಂದು ಪುಟ್ಟ ರೇಡಿಯೋ. ಅದು ನಮ್ಮ ಗುಡ್ಡದ ಮೇಲೆ ಹಾದುಹೋಗುವಾಗ ಕೂಗುವುದನ್ನು ಅಂಗಳದಲ್ಲಿ ಕೂತು ಕೇಳಬೇಕು. ಅಷ್ಟೇ ಅವರ ಆಸೆ.

ಲೆಕ್ಕ ಸರಿಯಿದ್ದರೆ ಎಂಜಿನ್ ಕಟ್ಟಿಸಲು ನೋಡುತ್ತೇನೆ ಎಂದು ಹಾಸನದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ಮಾತು ಕೊಟ್ಟಿದ್ದರು. ಸೋಮವಾರ ಕಳಿಸಬೇಕು. ಭಾನುವಾರ ಊಟವಾದ ಮೇಲೆ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು.

"ಒಂದ್ಸಲ ನೋಡ್ಬುಡು ಕಣೆ."

ಇಂಧನ ತೊಂಬತ್ತೈದು, ಎಂಜಿನ್ ಮೂರು, ರೇಡಿಯೋ ಎರಡು. ನೂರಾಯಿತು. ಎಷ್ಟು ಚೆಂದ ಕೂಡಿತ್ತೆಂದರೆ ಒಂದು ಗಳಿಗೆ ನಾನೂ ಪೂರ್ತಿ ನಂಬಿಬಿಟ್ಟೆ. ಆಮೇಲೆ ಕಣ್ಣಿಗೆ ಬಿತ್ತು.

"ರೀ, ಇಂಧನ ತುಂಬೋ ಟ್ಯಾಂಕೆಲ್ಲಿ?"

"ನೂರಾ ಎರಡಿತ್ತು. ಟ್ಯಾಂಕಿಂದು ಎರಡು ಕೆ.ಜಿ. ಕಳ್ದಿದೀನಲ್ಲ."

ಕಾಫಿ ತೂಗಿದ ಕೂಡಲೇ ಚೀಲದ ತೂಕ ಕಳೆಯುವುದು ಎಸ್ಟೇಟಿನ ಸ್ಟೋರಿನ ಪದ್ಧತಿ. ಕೈ ತನ್ನ ಪಾಡಿಗೆ ಇಲ್ಲೂ ಕಳೆದಿತ್ತು. ಆರು ವರ್ಷ! ನನಗೆ ಸಿಟ್ಟು ಬಂತು.

"ಚೀಲ ಸ್ಟೋರಲ್ಲೇ ಉಳೀತೈತೆ. ಟ್ಯಾಂಕು ಜೊತೇಲೇ ಹೋಗ್ಬೇಕಲ್ರೀ!"

ಅವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಆ ಎರಡು ಕೆ.ಜಿ. ಸೇರಿದರೆ ರಾಕೆಟ್ ಭೂಮಿ ಸುತ್ತುವಷ್ಟು ವೇಗ ಪಡೆಯದೆ ಕೆಳಗೆ ಬೀಳುತ್ತಿತ್ತು. "ಒಂದು ಭಾಗ ದಾರೀಲಿ ಕಳಚೋ ಹಂಗೆ ಮಾಡಿ," ಎಂದೆ, ಸಮಾಧಾನಕ್ಕೆ.

"ಆಗ ಎರಡು ಎಂಜಿನ್ ಬೇಕು. ಯಾರು ಕಟ್ಸಿಕೊಡ್ತಾರೆ? ರೇಡಿಯೋ ತೆಗ್ದುಬುಟ್ರೆ?"

ಎರಡು ಸಲ ಲೆಕ್ಕ ಹಾಕಿದೆ. ಏನೂ ಹೊರದಿದ್ದರೆ, ಬರಿಯ ಟ್ಯಾಂಕು ಮತ್ತು ಎಂಜಿನ್, ಕಾಗದದ ಮೇಲಂತೂ ಕೂದಲೆಳೆಯಷ್ಟರಲ್ಲಿ ಕಕ್ಷೆ ಮುಟ್ಟುತ್ತಿತ್ತು.

"ಹೋಗ್ತೈತೆ. ಆದ್ರೆ ಸದ್ದಿರಲ್ಲ. ಮೇಲೈತೋ ಇಲ್ವೋ, ನಮ್ಗೆ ಹೆಂಗೆ ಗೊತ್ತಾಗ್ಬೇಕು?"

ಅವರು ರೇಡಿಯೋದ ಸಾಲನ್ನು ಹೊಡೆದುಹಾಕಿದರು. ಪೆನ್ನು ಆ ಸಾಲಿನ ಮೇಲೆ ತುಸು ಹೆಚ್ಚೇ ಹೊತ್ತು ನಿಂತಿತ್ತು.

"ಗೊತ್ತಾಗ್ದಿದ್ರೆ ಬ್ಯಾಡ ಬುಡು. ನಮ್ದು ಅಂತ ಒಂದು ಅಲ್ಲಿದ್ರೆ ಸಾಕು."

ಅದು ಹೋಗಲೇಬೇಕು ಎಂದು ನನಗೆ ಅಳು ಬರುವಷ್ಟು ಆಸೆಯಾಯಿತು. ನೋಟ್‌ಬುಕ್ ಎಳೆದುಕೊಂಡು, ಅವರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದೆ: ಚೈತ್ರಶ್ರೀ.