ಒಂದೇ ರೆಕ್ಕೆ ಕೆಂಪಾದ ಹಕ್ಕಿ

ಕೋಣಂದೂರಿನ ಸುಬ್ಬರಾಯ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಸುತ್ತಲ ಹತ್ತೂರಲ್ಲಿ ಯಾರಿಗೆ ಯಾವ ಹಕ್ಕಿ ಕಂಡರೂ ಫೋಟೊ ಬರುವುದು ಅವರ ಮೊಬೈಲಿಗೆ. ಪುಕ್ಕದ ಬಣ್ಣ ನೋಡಿದರೆ ಸಾಕು, ಹೆಸರು ಹೇಳಿಬಿಡುತ್ತಿದ್ದರು. ಅದು ಸರಿಯೇ ಎಂದು ಕೇಳುವಷ್ಟು ತಿಳಿದವರು ಊರಲ್ಲಿ ಇಲ್ಲವಾದ್ದರಿಂದ ಅವರು ಒಮ್ಮೆಯೂ ತಪ್ಪಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಅವರ ಬೇಲಿಯ ದಾಸವಾಳದ ಮೇಲೆ ದಪ್ಪ ಕೊಕ್ಕಿನ ಪುಟ್ಟ ಹಕ್ಕಿಯೊಂದು ಬಂದು ಕೂತಿತು. ಕುತ್ತಿಗೆ, ಎದೆ ಕಡುಗೆಂಪು. ಎಡ ರೆಕ್ಕೆಯೂ ಕೆಂಪು, ಬಲ ರೆಕ್ಕೆ ಮಾತ್ರ ಬರೀ ಕಂದು. ಮೇಷ್ಟ್ರು ಪುಸ್ತಕ ತಿರುವಿದರು. ಚಳಿಗಾಲಕ್ಕೆ ಉತ್ತರದಿಂದ ಬರುವ ಗುಲಾಬಿ ಹಕ್ಕಿಯೇ? ಅದರ ಬಾಲ ಕವಲು, ಇದರದ್ದು ನೇರ. ಮೂರು ದಿನ ತಲೆ ಕೆಡಿಸಿಕೊಂಡು, ಪುಸ್ತಕದಲ್ಲಿ ಇಲ್ಲವೆಂದ ಮೇಲೆ ತಪ್ಪು ಪುಸ್ತಕದ್ದೇ ಎಂದು ತೀರ್ಮಾನಿಸಿದರು. ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿ, 'ಬಹುಶಃ ಹೊಸ ಪ್ರಭೇದ' ಎಂದು ಬರೆದರು. 'ಬಹುಶಃ' ಸೇರಿಸಿದ್ದು ವಿನಯಕ್ಕೆ. ಮಂಜಿಗೆ ಫೋಟೊ ಮಸುಕಾಗಿ, ಕೆಂಪೊಂದೇ ಎದ್ದು ಕಾಣುತ್ತಿತ್ತು.

ಭಾನುವಾರ ಬೆಂಗಳೂರಿನಿಂದ ಆ ಗುಂಪಿನ ನಾಲ್ವರು ಮೊಳದುದ್ದದ ಲೆನ್ಸು ಹೊತ್ತು ಕಾರಿನಲ್ಲಿ ಬಂದಿಳಿದರು. ಎಲ್ಲರೂ ಉಸಿರು ಬಿಗಿಹಿಡಿದು ಬೇಲಿಯತ್ತ ನೋಡುತ್ತಿರುವಾಗ ಎದುರು ಮನೆಯ ಪುಷ್ಪಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಎಂತ ಮೇಷ್ಟ್ರೆ, ಬೇಲಿಗೆ ಎಂತಾಯ್ತು?"

"ಮೆತ್ತಗೆ ಮಾತಾಡು ಪುಷ್ಪಮ್ಮ. ಅಪರೂಪದ ಹಕ್ಕಿ ಕೂತಿದೆ."

ಪುಷ್ಪಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಅದಾ? ಗುಬ್ಬಿ ಅಲ್ವಾ ಅದು! ನಮ್ಮನೆ ಮಾಡಿನ ಹೆಂಚಿನ ಸಂದೀಲೇ ಇರ್ತದೆ. ಅಡಿಕೆ ಬೇಯಿಸಿದ ಕೆಂಪು ಚೊಗರು ಬಾನೀಲಿ ಆರಕ್ಕಿಟ್ರೆ ಸಾಕು, ಬಂದು ಮೀಯ್ತದೆ. ಒಂದು ಮಗ್ಗುಲು ಅದ್ದೋದ್ರೊಳಗೆ ನಾನು ಓಡಿಸ್ತೀನಿ. ಅಡಿಕೆಗೆ ಬಣ್ಣ ಕೊಡೋ ನೀರು ಗುಬ್ಬಿಗೆ ಕೊಡಲ್ವಾ?"

"ಗುಬ್ಬಿ ಈ ಊರಲ್ಲಿ ಇಲ್ಲವೇ ಇಲ್ಲ!" ಮೇಷ್ಟ್ರ ದನಿ ಏರಿತು. "ಮಾಯವಾಗಿ ಹದಿನೈದು ವರ್ಷವಾಯ್ತು. ಪ್ರತಿವರ್ಷ ಗುಬ್ಬಿ ದಿನಕ್ಕೆ ಶಾಲೇಲಿ ನಾನೇ ಭಾಷಣ ಮಾಡ್ತೀನಲ್ಲ!"

"ಹೌದಾ? ಗುಬ್ಬಿಗೆ ಯಾರೂ ಹೇಳ್ಲಿಲ್ಲ ಕಾಣ್ತದೆ."

ಹಕ್ಕಿ ಬೇಲಿಯಿಂದ ಹಾರಿ ಕಾರಿನ ಕನ್ನಡಿಯ ಮೇಲೆ ಕೂತು, ತನ್ನದೇ ಬಿಂಬವನ್ನು ಕುಕ್ಕುತ್ತ ಚಿಂವ್ ಚಿಂವ್ ಎಂದು ಜಗಳಕ್ಕೆ ನಿಂತಿತು. ಆ ದನಿ ಕೇಳಿದ ಮೇಲೆ ಪುಸ್ತಕದ ಅಗತ್ಯವೇ ಇರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ, ಬಂದವರು ಬೈಯಲಿ ಎಂದು ಕಾದರು.

ಬೈಗುಳ ಬರಲಿಲ್ಲ. "ಸಾರ್, ನಿಜವಾದ ಗುಬ್ಬಿ!" ಎಂದ ಅವರಲ್ಲೊಬ್ಬ. "ನಮ್ಮ ಬಡಾವಣೇಲಿ ಒಂದೂ ಉಳಿದಿಲ್ಲ." ನಾಲ್ವರೂ ಒಂದು ಗಂಟೆ ಫೋಟೊ ತೆಗೆದರು. ಆಮೇಲೆ ಗುಬ್ಬಿ ಉಳಿಸಿಕೊಂಡ ಮಹಿಳೆಯ ಫೋಟೊ ಬೇಕೆಂದು ಪುಷ್ಪಮ್ಮನನ್ನು ಬಾನಿಯ ಪಕ್ಕ ನಿಲ್ಲಿಸಿ, ತಾವೂ ಅವಳ ಅಕ್ಕಪಕ್ಕ ನಿಂತು, ಕ್ಯಾಮೆರಾ ಮೇಷ್ಟ್ರ ಕೈಗೆ ಕೊಟ್ಟರು.

ಮೇಷ್ಟ್ರು ಅದನ್ನು ಕಣ್ಣಿಗೆ ಹಿಡಿದರು, ಬಟನ್ ಮಾತ್ರ ಒತ್ತಲಿಲ್ಲ.

"ನಗಿ ಅಂತ ಹೇಳೋದು ಫೋಟೊ ತೆಗೆಯೋರಲ್ವಾ ಮೇಷ್ಟ್ರೆ?" ಎಂದಳು ಪುಷ್ಪಮ್ಮ.