ಅರ್ಜಿಯ ಕಡೆಯ ವಾಕ್ಯ

ಚಟ್ಟದ ಬಿದಿರಿಗೆ ಸುತ್ತಿದ್ದ ತೆಂಗಿನ ಹಗ್ಗದ ತುದಿಯನ್ನು ನೀಲಕಂಠಪ್ಪ ಮೇಷ್ಟ್ರು ಎಳೆದು ಬಿಗಿಯುತ್ತಿದ್ದಾಗ, ದೇವರಾಜ ಬಗ್ಗಿ ಅದನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ.

“ನೀವು ಬೇಡ ಮೇಷ್ಟ್ರೇ. ಆ ಕಡೆ ಕೂತ್ಕೊಳ್ಳಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಾಳಿಕೊಳ್ಳುವುದು ಸುಲಭವಾಗುತ್ತಿತ್ತು. ಅವರೇ ಅಕ್ಷರ ತಿದ್ದಿಸಿದ ಹುಡುಗ ಅವನು. ಈಗ ಸತ್ತ ತಂದೆಗೆ ಚಟ್ಟ ಕಟ್ಟುತ್ತಿದ್ದ ಮೂವತ್ತೆಂಟರ ಗಂಡಸು. ಮೇಷ್ಟ್ರು ಎದ್ದು ಎದುರುಮನೆಯ ಜಗಲಿಯ ಮೇಲೆ ಕುಳಿತರು. ಕುಮಾರಸ್ವಾಮಿ ಲೇಔಟ್‌ನ ಬೆನ್ನಿಗಂಟಿದ ಆ ಹಳೆಯ ಊರಿನ ಬೀದಿಗೆ ಅವರು ಕಾಲಿಡದೆ ಎಂಟು ತಿಂಗಳಾಗಿತ್ತು.

ಅಂಗಳದ ಚಾಪೆಯ ಮೇಲೆ ಪಿಳ್ಳಪ್ಪ ಮಲಗಿದ್ದ. ನಿವೃತ್ತನಾಗುವವರೆಗೆ ಮೂವತ್ತೊಂದು ವರ್ಷ ಈ ಸುತ್ತಿನ ಬೀದಿಗಳಿಗೆ ನೀರು ಬಿಟ್ಟವನು. ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಸೈಕಲ್ ತುಳಿಯುತ್ತ ಬಂದು, ರಸ್ತೆಯ ಗುಂಡಿಯ ಮುಚ್ಚಳ ಸರಿಸಿ, ವಾಲ್ವ್ ತಿರುಗಿಸಿ, ಮುಂದಿನ ಕ್ರಾಸಿಗೆ ಹೋಗುತ್ತಿದ್ದವನು. ಅವನ ಮುಖವನ್ನೇ ಕಾಣದವರಿಗೂ ಅವನು ಬಂದು ಹೋದದ್ದು ನಲ್ಲಿಯ ಸದ್ದಿನಿಂದ ತಿಳಿಯುತ್ತಿತ್ತು.

“ಮದುವೇಲಿ ಧಾರೆ ಮುಗಿದಿದ್ದೇ ತಡ, ಎದ್ದೋಗಿ ಮೂರನೇ ಕ್ರಾಸ್‌ಗೆ ನೀರು ಬಿಟ್ಟು ಬಂದಿದ್ದ ಮಹಾರಾಯ,” ಎಂದಳು ಪಕ್ಕದ ಮನೆಯ ಸಿದ್ದಗಂಗಮ್ಮ.

“ಬಾಸಿಂಗಾನೂ ಬಿಚ್ಚಿರ್ಲಿಲ್ಲ ಕಣಕ್ಕ,” ಎಂದು ಪಾರ್ವತಮ್ಮ ಗಂಡನ ತಲೆಯ ಬಳಿ ಕುಳಿತಲ್ಲೇ ನಕ್ಕಳು. ನಗು ಮುಗಿಯುವ ಮೊದಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಿದ್ದಗಂಗಮ್ಮನ ಕಣ್ಣು ಜಗಲಿಯ ಕಡೆ ತಿರುಗಿತು. “ಮೇಷ್ಟ್ರೂ ಬಂದವ್ರಲ್ಲ! ಕಂಪನಿಯೋರು ಪರ್ಮಿಷನ್ ಕೊಟ್ರಂತಾ?”

ಕೈ ಒರೆಸಿಕೊಳ್ಳುತ್ತ ದೇವರಾಜ ಜಗಲಿಯ ಬಳಿ ಬಂದು ನಿಂತ.

“ಬೆಳಿಗ್ಗೆ ಲಾಯರ್ ಫೋನ್ ಮಾಡಿದ್ರು. ಮಾನನಷ್ಟದ ಕೇಸು ಸತ್ತೋನ ಜೊತೇಲೇ ಹೋಗುತ್ತಂತೆ, ಹೆಂಡ್ತಿ ಮಕ್ಕಳಿಗೆ ಬರಲ್ವಂತೆ. ಅಲ್ಲಿಗೆ ಮುಗೀತು. ನೀವೂ ಆರಾಮಾಗಿರಿ.”

“ದೇವರಾಜ, ನಾನು…”

“ಒಂದು ಮಾತು ಹೇಳ್ಬಿಡ್ತೀನಿ. ಅರ್ಜೀಲಿ ಆ ಕಡೇ ಸಾಲು ಯಾರು ಬರೆದಿದ್ದು ಅಂತ ಲಾಯರ್ ಹತ್ತು ಸಲ ಕೇಳಿದ್ರು. ‘ನಂದಲ್ಲ ಅನ್ನು ಪಿಳ್ಳಪ್ಪ, ಕೇಸೇ ಸಡಿಲ ಆಗುತ್ತೆ’ ಅಂದ್ರು. ಅಪ್ಪ ಬಾಯಿ ಬಿಡ್ಲಿಲ್ಲ. ‘ಕೆಳಗೆ ನನ್ನ ರುಜು ಐತಲ್ಲ ಸಾರ್’ ಅಂದ್ರು, ಅಷ್ಟೆ.”



*

ಎರಡು ವರ್ಷದ ಹಿಂದೆ, ಊರಿನಂಚಿನ ಬಯಲಿನಲ್ಲಿ ಇಪ್ಪತ್ತೆಂಟು ಅಂತಸ್ತಿನ ಕಟ್ಟಡ ಏಳುತ್ತದೆಂದು ಬೋರ್ಡು ನಿಂತ ವಾರ, ಪಿಳ್ಳಪ್ಪ ಮೇಷ್ಟ್ರ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತಿದ್ದ.

“ಆರಿಂಚಿನ ಪೈಪು ಮೇಷ್ಟ್ರೇ. ಮೂರು ದಿನಕ್ಕೊಂದ್ಸಲ ಬಿಟ್ರೆ ಕಡೇ ಕ್ರಾಸ್‌ಗೆ ದಾರದಷ್ಟು ಬರ್ತಿತ್ತು. ಇವ್ರು ಕಾಗದದಲ್ಲಿ ಬೇಕಾದಷ್ಟು ನೀರೈತೆ ಅಂತ ತೋರ್ಸವ್ರೆ. ಅದು ಎದ್ರೆ ನಮ್ಮ ನಲ್ಲೀಲಿ ಗಾಳಿ ಬರುತ್ತೆ. ಸರ್ಕಾರಕ್ಕೆ ಒಂದು ಅರ್ಜೀಲಿ ಅಷ್ಟು ಬರ್ಕೊಡಿ, ಸಾಕು.”

ಅಷ್ಟಕ್ಕೇ ನಿಲ್ಲಿಸುವವರಲ್ಲ ಮೇಷ್ಟ್ರು. ಮೂವತ್ತೈದು ವರ್ಷ ಪ್ರಬಂಧ ತಿದ್ದಿದ ಕೈ. ಪೀಠಿಕೆ, ನಿರೂಪಣೆ ಎಲ್ಲವೂ ಸಾಂಗವಾಗಿ ಬಂದ ಮೇಲೆ, ಮುಕ್ತಾಯ ಸಪ್ಪೆಯಾಯಿತೆನಿಸಿ ಒಂದು ವಾಕ್ಯ ಸೇರಿಸಿದರು: ‘ಇವರು ಮನೆ ಕಟ್ಟುವವರಲ್ಲ, ಊರಿನ ಕೊಡಕ್ಕೆ ಕನ್ನ ಹಾಕುವ ಕಳ್ಳರು.’ ಬರೆದು, ಎರಡು ಸಲ ಗಟ್ಟಿಯಾಗಿ ಓದಿ, ತಾವೇ ತಲೆದೂಗಿದರು.

“ಇದು ನಾನು ಹೇಳ್ಲಿಲ್ವಲ್ಲ ಮೇಷ್ಟ್ರೇ.”

“ನೀನು ಹೇಳಿದ್ದರ ಸಾರ ಕಣೋ ಇದು. ಅರ್ಜಿ ಅಂದ್ರೆ ಓದಿದೋನ ಎದೆಗೆ ನಾಟಬೇಕು.”

“ನೀವು ತಿಳಿದೋರು, ಬಿಡಿ.”

ಮೊದಲ ಸಹಿ ಯಾರದೆಂಬ ಮಾತು ಬಂದಾಗ ಮೇಷ್ಟ್ರೇ ಹಾಳೆಯನ್ನು ಅವನ ಕಡೆ ಸರಿಸಿದರು. “ಊರಿನ ಮೂಲದೋನು ನೀನು. ನೀರು ಬಲ್ಲೋನೂ ನೀನು. ಆ ಮರ್ಯಾದೆ ನಿಂದೇ.” ಪಿಳ್ಳಪ್ಪ ಟವೆಲ್ಲಿಗೆ ಕೈ ಒರೆಸಿಕೊಂಡು, ಉಸಿರು ಹಿಡಿದು ರುಜು ಹಾಕಿದ.

ಅರ್ಜಿ ಕರಪತ್ರವಾಗಿ ಮನೆಮನೆಗೆ ಹೋಯಿತು. ಆರು ವಾರದಲ್ಲಿ ಕಟ್ಟಡದ ಕಂಪನಿಯಿಂದ ಹತ್ತು ಕೋಟಿಯ ದಾವೆ ಬಂತು. ಇಡೀ ದಾವೆ ನಿಂತಿದ್ದುದು ‘ಕಳ್ಳರು’ ಎಂಬ ಆ ಒಂದು ವಾಕ್ಯದ ಮೇಲೆ. ಒಂದನೆಯ ಪ್ರತಿವಾದಿ ಪಿಳ್ಳಪ್ಪ, ಎರಡನೆಯವರು ನೀಲಕಂಠಪ್ಪ. ಗೇಟಿನಿಂದ ನೂರು ಮೀಟರಿನೊಳಗೆ ಗುಂಪು ಸೇರಕೂಡದು, ಕೂಗಕೂಡದು ಎಂಬ ತಡೆಯಾಜ್ಞೆಯೂ ಬೆನ್ನಿಗೇ ಬಂತು. ಕೆಳಗೆ ಸಹಿ ಮಾಡಿದ್ದ ಉಳಿದ ಅರವತ್ತು ಮಂದಿಯ ಗೋಜಿಗೆ ಕಂಪನಿ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ, ಅವರು ತಾವಾಗಿಯೇ ಕದ ಹಾಕಿಕೊಂಡರು.

ಒಂದು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಹೋಗಿ ಬಂದರು. ವಾಯಿದೆಯ ಮೇಲೆ ವಾಯಿದೆ. ಮೇಷ್ಟ್ರ ಹೆಂಡತಿ ವಿಜಯಲಕ್ಷ್ಮಿ ಊಟಕ್ಕೆ ಕೂತರೂ ಅದನ್ನೇ ಕೇಳುತ್ತಿದ್ದಳು. “ಈ ಮನೇನ ಜಪ್ತಿ ಮಾಡಿದ್ರೆ ನಾನೆಲ್ಲಿ ಒಲೆ ಹಚ್ಚಲಿ, ಹೇಳಿ?”

ಒಂದು ಸೋಮವಾರ ಮೇಷ್ಟ್ರೊಬ್ಬರೇ ಕಂಪನಿಯ ವಕೀಲರ ಕಚೇರಿಗೆ ಹೋದರು. ಅಲ್ಲಿ, ಅವರ ಮೇಲಿನ ದಾವೆ ಹಿಂತೆಗೆಯಲು ರಾಜಿಯ ಹಾಳೆ ಸಿದ್ಧವಾಗಿತ್ತು. ಪಿಳ್ಳಪ್ಪ ಎಂಬುವರು ಹೇಳಿದ ಸುಳ್ಳನ್ನು ನಂಬಿ ತಾನು ಸಹಿ ಮಾಡಿದ್ದಾಗಿಯೂ, ಇನ್ನು ಮುಂದೆ ಆ ಕಟ್ಟಡದ ಬಗ್ಗೆ ಆಡುವುದಾಗಲಿ ಬರೆಯುವುದಾಗಲಿ ಮಾಡಿದರೆ ದಾವೆ ಮತ್ತೆ ಹೂಡಲು ತನ್ನ ಒಪ್ಪಿಗೆಯಿರುವುದಾಗಿಯೂ ಅದರಲ್ಲಿತ್ತು. ಓದುವಾಗ ಒಂದು ವಾಕ್ಯ ತೊಡಕೆನಿಸಿತು. ಮೇಷ್ಟ್ರು ಅದನ್ನು ತಿದ್ದಿ ಸುಲಲಿತಗೊಳಿಸಿ, ಅನಂತರ ಸಹಿ ಮಾಡಿದರು.

ವಾರದೊಳಗೆ ಆ ಹಾಳೆ ದೊಡ್ಡ ಅಕ್ಷರದಲ್ಲಿ ಕಂಪನಿಯ ಗೇಟಿನ ಪಕ್ಕದ ಫಲಕವನ್ನೇರಿತು.

*

ಹನ್ನೊಂದರ ಬಿಸಿಲಿನಲ್ಲಿ ತಮಟೆ ಮುಂದಾಯಿತು. ಪುರಿ ಎರಚುತ್ತ ಮೆರವಣಿಗೆ ಹೊರಟಿತು. ಮೇಷ್ಟ್ರು ಎಲ್ಲರಿಗಿಂತ ಹಿಂದೆ ನಡೆದರು.

ಊರಿನ ಗಡಿಯಲ್ಲಿ ಚಟ್ಟವನ್ನು ಒಮ್ಮೆ ಇಳಿಸಿ, ಸತ್ತವನ ಹೆಸರನ್ನು ಮೂರು ಸಲ ಕರೆದು, ಓಗೊಡದಿದ್ದರೆ ಮುಂದಕ್ಕೊಯ್ಯುವುದು ಅಲ್ಲಿಯ ಪದ್ಧತಿ. ಹೆಂಗಸರು ಅಲ್ಲಿಂದ ಹಿಂದಿರುಗಬೇಕು. ಆ ಗಡಿ ಈಗ ಕಂಪನಿಯ ಗೇಟಿನ ಎದುರಿಗೇ ಬರುತ್ತದೆ.

“ಇಲ್ಲಿ ಬೇಡ, ಮುಂದಕ್ಕೋಗಿ ಇಳ್ಸಣ. ಕೋರ್ಟ್ ಆರ್ಡರ್ ಐತೆ,” ಎಂದ ಹೆಗಲು ಕೊಟ್ಟವರಲ್ಲೊಬ್ಬ.

“ನಮ್ಮತ್ತೆ ಮಾವನ್ನೂ ಇಲ್ಲೇ ಇಳಿಸಿದ್ದು,” ಎಂದಳು ಪಾರ್ವತಮ್ಮ. “ಇಳಿಸ್ರಪ್ಪ.”

ಇಳಿಸಿದರು. ಗೇಟಿನ ಕಾವಲಿನವನು ಫೋನನ್ನು ಎತ್ತಿ ಹಿಡಿದುಕೊಂಡೇ ಹೊರಬಂದ. ಬಾಗಲಕೋಟೆಯ ಕಡೆಯವನು, ಎದೆಯ ಪಟ್ಟಿಯ ಮೇಲೆ ಹೊಳೆಪ್ಪ ಎಂದಿತ್ತು.

“ಸಿಟ್ಟಾಗಬ್ಯಾಡ್ರೀ. ಮಂದಿ ಕೂಡಿದ್ರ ವಿಡಿಯೊ ಮಾಡು ಅಂದಾರ ಸಾಹೇಬ್ರು. ನಾ ಹೊಟ್ಟಿಪಾಡಿಗೆ ನಿಂತಾಂವ.”

ದೇವರಾಜ ಮಂಡಿಯೂರಿದ. “ಪಿಳ್ಳಪ್ಪಾ…” ತಂದೆಯ ಹೆಸರು ಹಿಡಿದು ಅವನು ಕರೆದದ್ದು ಜನ್ಮದಲ್ಲಿ ಅದೇ ಮೊದಲು. ಎರಡನೆಯ ಸಲ ದನಿ ಏರಿತು. ಮೂರನೆಯದನ್ನು ಕರೆಯದೆ ಚಟ್ಟದ ಬಿದಿರನ್ನು ಹಿಡಿದುಕೊಂಡ.

ಪಾರ್ವತಮ್ಮ ಫಲಕದ ಕಡೆ ನೋಡಿದಳು. ಆಮೇಲೆ ಗುಂಪಿನ ಹಿಂದೆ ಹುಡುಕಿದಳು.

“ಮೇಷ್ಟ್ರೇ, ಬನ್ನಿ ಇಲ್ಲಿ. ಅದ್ರಲ್ಲಿ ಇವ್ರ ಹೆಸರೈತಂತೆ. ನಂಗೆ ಓದಕ್ಕೆ ಬರಲ್ಲ. ಇವ್ರನ್ನ ಕೇಳಿದ್ರೆ ‘ಏನೋ ಐತೆ ಬಿಡು’ ಅನ್ನೋರು. ಇವ್ರು ಹೋಗೋ ಮುಂಚೆ ಒಂದ್ಸಲ ಓದಿ ಹೇಳಿ.”

“ಅವ್ವಾ, ಈಗ್ಯಾಕೆ…” ಎಂದ ದೇವರಾಜ.

“ಓದೋರನ್ನಲ್ವಾ ನಾನು ಕೇಳ್ತಿರೋದು?”

ಮೇಷ್ಟ್ರು ಜನರ ನಡುವೆ ದಾರಿ ಮಾಡಿಕೊಂಡು ಬಂದು ಫಲಕದ ಮುಂದೆ ನಿಂತರು. ಕನ್ನಡಕ ಬೇಕಿರಲಿಲ್ಲ, ಬಾಯಿಪಾಠವಾಗಿತ್ತು. ಒಂದಕ್ಷರ ಬಿಡದೆ ಓದಿದರು. ‘ಹೇಳಿದ ಸುಳ್ಳನ್ನು ನಂಬಿ’ ಎಂಬಲ್ಲಿ ಅವರ ದನಿ, ತಪ್ಪು ಮಾಡಿ ತರಗತಿಯಲ್ಲಿ ಎದ್ದು ನಿಂತು ಓದುವ ಹುಡುಗನ ದನಿಯಂತೆ, ಕುಗ್ಗಿತು. ಕೆಳಗಿನ ಹೆಸರನ್ನೂ ಓದಿದರು.

ಪಾರ್ವತಮ್ಮ ಅವರ ಮುಖವನ್ನೇ ನೋಡುತ್ತಿದ್ದಳು.

“ಇದು ಸುಳ್ಳು ಕಣಮ್ಮ,” ಎಂದರು ಮೇಷ್ಟ್ರು. “ಅವನು ನೀರಿನ ವಿಷಯ ಹೇಳಿದ. ಅದು ನಿಜ. ಕಳ್ಳರು ಅನ್ನೋ ಮಾತು ನಂದು.”

“ಮೇಷ್ಟ್ರೇ, ಸಾಕು ಬನ್ನಿ,” ದೇವರಾಜ ಅವರ ತೋಳು ಹಿಡಿದ. “ಕೇಸು ಮುಗಿದೈತೆ. ನಿಮ್ಮ ಮನೆ ಯೋಚನೆ ಮಾಡಿ.”

ಹೊಳೆಪ್ಪ ಫೋನನ್ನು ಕೆಳಗಿಳಿಸಿದ್ದ. “ಹೋಗ್ರಿ ಅಜ್ಜಾರ. ನಾ ಏನೂ ಕೇಳಿಲ್ಲ.”

“ಕೇಳ್ಬೇಕಪ್ಪ ನೀನು. ಎತ್ತು ಅದನ್ನ.”

ಅವನು ಎತ್ತಲಿಲ್ಲ. ಅಡ್ಡಡ್ಡ ತಲೆಯಾಡಿಸಿದ.

“ಹಾಗಾದ್ರೆ ಬಂದು ಹೋದೋರ ಪುಸ್ತಕ ಕೊಡು.”

ಹೊಳೆಪ್ಪ ಅನುಮಾನಿಸುತ್ತಲೇ ಗೇಟಿನ ಮೇಜಿನ ಮೇಲಿದ್ದ ಉದ್ದನೆಯ ರಿಜಿಸ್ಟರನ್ನು ತಂದು ಹಿಡಿದ. ದಾರ ಕಟ್ಟಿದ ಪೆನ್ನಿನಲ್ಲಿ ಮೇಷ್ಟ್ರು ಹೆಸರು ಬರೆದರು, ಮನೆಯ ನಂಬರು ಬರೆದರು, ಗಂಟೆ ಬರೆದರು. ‘ಬಂದ ಕಾರಣ’ ಎಂಬ ಅಂಕಣ ಎರಡು ಬೆರಳಗಲವಿತ್ತು. ಪೀಠಿಕೆಗೆ ಅಲ್ಲಿ ಜಾಗವಿರಲಿಲ್ಲ. ‘ಪಿಳ್ಳಪ್ಪ ನಿಜ ಹೇಳಿದ. ಕಳ್ಳರು ಎಂದು ಬರೆದವನು ನಾನು. ಗೇಟಿನ ಫಲಕದಲ್ಲಿರುವ ನನ್ನ ಹೇಳಿಕೆ ಸುಳ್ಳು.’ ಅಕ್ಷರಗಳು ಗೆರೆ ದಾಟಿ ಕೆಳಗಿನ ಸಾಲಿಗಿಳಿದವು. ಅಲ್ಲಿಯೇ ಸಹಿ ಮಾಡಿದರು.

ತಲೆಯೆತ್ತುವಷ್ಟರಲ್ಲಿ ಚಟ್ಟ ಹೆಗಲೇರಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಹೆಂಗಸರು ಪಾರ್ವತಮ್ಮನನ್ನು ನಡುವಿಟ್ಟುಕೊಂಡು ಊರ ಕಡೆ ತಿರುಗಿದ್ದರು. ಒಳಗೆ ಹೋಗಬೇಕಿದ್ದ ಕಾಂಕ್ರೀಟು ಲಾರಿಯೊಂದು ದೊಡ್ಡ ಹೊಟ್ಟೆಯನ್ನು ತಿರುಗಿಸುತ್ತ, ದಾರಿ ಬಿಡೆಂದು ಹಾರ್ನ್ ಹಾಕಿತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಅದರ ಮುಂದಿನಿಂದಲೇ ದಾಟಿ, ತಮಟೆಯ ಸದ್ದು ಹೋದ ದಿಕ್ಕಿಗೆ ಓಡುನಡಿಗೆಯಲ್ಲಿ ಹೊರಟರು.

ಗೇಟಿನ ಬಳಿ ಹೊಳೆಪ್ಪ ಲಾರಿಗೆ ಬೆನ್ನು ಮಾಡಿ, ತೆರೆದ ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೆ ಹತ್ತಿರ ಹಿಡಿದು, ಹಾಳೆಯ ಮೇಲೆ ಸಿಮೆಂಟಿನ ದೂಳು ಬೀಳದಂತೆ ಮೈ ಅಡ್ಡ ಮಾಡಿಕೊಂಡು ನಿಂತಿದ್ದ.